ವಿಮಲಮ್ಮನವರ ಕಪ್ಪೆ ನೆಪ

ಬಿಳಿಗೆರೆಯ ವಿಮಲಮ್ಮನವರು ಯಾವ ಜಗಳದಲ್ಲೂ ಸೋತದ್ದನ್ನು ಕಂಡವರಿಲ್ಲ. ಕಂಡಿದ್ದರೂ ಬಾಯಿಬಿಟ್ಟು ಹೇಳುವ ಗಂಡೆದೆ ಆ ಊರಲ್ಲಿ ಯಾರಿಗೂ ಇಲ್ಲ. ತುರುವೇಕೆರೆ ಕಡೆಯಿಂದ ಸೊಸೆಯಾಗಿ ಬಂದ ವರ್ಷವೇ, ತಂತಿಗೆ ತಾಗುವ ತೆಂಗಿನ ಗರಿ ಕಡಿಯಲು ಬಂದು ಹೊಂಬಾಳೆಗೂ ಮಚ್ಚು ಬೀಸಿದ ಲೈನ್‌ಮನ್‌ನನ್ನು ಕಂಬದಿಂದ ಇಳಿಯಗೊಡದೆ, ಕೆಳಗೆ ನಿಂತು ಊಟದ ಹೊತ್ತಿನವರೆಗೂ ಬೈದಿದ್ದರು. ಪಕ್ಕದ ತೋಟದವರು ಬೇಲಿಯನ್ನು ಒಂದು ಮೊಳ ಈಚೆಗೆ ತಂದಾಗ ಅದೇ ಬೇಲಿಗೆ ಬೆನ್ನು ಕೊಟ್ಟು ಕೂತು ಊಟ, ತಿಂಡಿ, ಎಲೆಅಡಿಕೆ ಎಲ್ಲವನ್ನೂ ಅಲ್ಲಿಗೇ ತರಿಸಿಕೊಂಡರು. ಕೊನೆಗೆ ಬೇಲಿಯೇ ನಾಚಿಕೊಂಡು ಹಿಂದಕ್ಕೆ ಹೋಯಿತು.

ಇಂಥ ವೀರಮಾತೆಗೆ ಮುಪ್ಪಿನಲ್ಲಿ ಎದುರಾದ ಶತ್ರುವಿನ ಹೆಸರು ಪ್ರಾಣಿಶಾಸ್ತ್ರ.

ಮೊಮ್ಮಗಳು ಇಂಪನಾ ಪಿಯುಸಿ ಸೈನ್ಸ್ ಪಾಸು ಮಾಡಿ, ತಿಪಟೂರಿನ ಕಾಲೇಜೊಂದರಲ್ಲಿ ಬಿಎಸ್ಸಿ ಸೇರಲು ಹೊರಟಿದ್ದಳು. ಮೂರು ವಿಷಯ ಆರಿಸಿಕೊಳ್ಳಬೇಕಿತ್ತು. ಕೆಮಿಸ್ಟ್ರಿಗೆ ಯಾರ ತಕರಾರೂ ಇರಲಿಲ್ಲ. ಬಾಟನಿ ಅಂದಾಗ, ತೆಂಗಿನ ಸೀಮೆಯ ಹುಡುಗಿ ಗಿಡಮರ ಓದುವುದು ಧರ್ಮವೇ ಎಂದು ವಿಮಲಮ್ಮ ತಲೆಯಾಡಿಸಿದರು. ಮೂರನೆಯದು ಝುವಾಲಜಿ ಎಂದು ಕೇಳಿದ್ದೇ ತಡ, ಬಾಯಿಗೆ ಹೋಗುತ್ತಿದ್ದ ಮುದ್ದೆಯ ತುತ್ತು ತಟ್ಟೆಗೆ ಮರಳಿತು.

"ಕೊರಳಲ್ಲಿ ಲಿಂಗ ಕಟ್ಕೊಂಡ ಮನೆ ಹುಡುಗಿ ಕಪ್ಪೆ ಕುಯ್ಯದಾ? ಶಿವ ಮೆಚ್ತಾನೇನೇ?"

"ಕಪ್ಪೆ ಕುಯ್ಯೋದನ್ನ ನಿಲ್ಸಿ ಕಾಲ ಆಯ್ತಜ್ಜಿ. ಈಗೆಲ್ಲಾ ಕಂಪ್ಯೂಟರಲ್ಲೇ ತೋರಿಸ್ತಾರೆ."

"ಇವತ್ತು ಕಂಪ್ಯೂಟರು ಅಂತಾರೆ, ನಾಳೆ ಚಾಕು ಕೊಡ್ತಾರೆ. ಬ್ಯಾಡ. ಮೂರೂ ಬಾಟನಿನೇ ತಗಾ!"

ಇಂಪನಾಳ ಅಪ್ಪ ಬಸವಕುಮಾರ್ ತಟ್ಟೆಯನ್ನೇ ನೋಡುತ್ತ, "ನಿಮ್ಮಜ್ಜಿ ಹೂಂ ಅಂದ್ರೆ ನಂದೂ ಹೂಂ ಕಣಮ್ಮ" ಎಂದ. ಆ ಮನೆಯ ಸಂವಿಧಾನದಲ್ಲಿ ಇರುವುದು ಅದೊಂದೇ ಕಲಂ.

ಆದರೆ ನಿಜ ಹೇಳಬೇಕೆಂದರೆ ಕಪ್ಪೆ ಬರೀ ನೆಪ. ವಿಮಲಮ್ಮನವರ ಎದೆಯಲ್ಲಿ ಕೂತಿದ್ದ ಭಯಕ್ಕೆ ಕಪ್ಪೆಯಷ್ಟು ಗಾತ್ರವೂ ಇರಲಿಲ್ಲ. ಅದು ಇರುವೆಯಷ್ಟಿತ್ತು, ಅದಕ್ಕೆ ರೆಕ್ಕೆಯಿತ್ತು.

ಹಿಂದಿನ ವರ್ಷ ತೆಂಗಿಗೆ ಕಪ್ಪುತಲೆ ಹುಳು ಬಿದ್ದಿತ್ತು. ಅದು ಗರಿಯ ಹಸಿರನ್ನೆಲ್ಲ ಕೆರೆದು ತಿಂದದ್ದಕ್ಕೆ, ತೋಟಕ್ಕೆ ತೋಟವೇ ಬೆಂಕಿ ಬಿದ್ದ ಹಾಗೆ ಕಂದಿಹೋಗಿತ್ತು. ಆ ಹುಳುವನ್ನು ಕೊಲ್ಲುವ ಬೇರೊಂದು ಹುಳವನ್ನು, ಪುಟಾಣಿ ಕರಿ ಕಣಜದಂಥದ್ದನ್ನು, ತೋಟಗಾರಿಕೆ ಇಲಾಖೆಯವರು ಹತ್ತಿಯ ಬಿರಡೆ ಹಾಕಿದ ನಳಿಗೆಗಳಲ್ಲಿ ತುಂಬಿ ಊರಿಗೆಲ್ಲ ಹಂಚಿದರು. ಸಂಜೆ ಮರದ ಬುಡದಲ್ಲಿ ಬಿರಡೆ ತೆಗೆದರೆ ಆಯಿತು, ಮಿಕ್ಕ ಕೆಲಸ ಅವುಗಳದ್ದು. ಬಸವಕುಮಾರ್ ನಳಿಗೆಗಳನ್ನು ತಂದು ಹಿತ್ತಲಿನ ನೆರಳಲ್ಲಿಟ್ಟು, ಸಂಜೆ ಬಿಟ್ಟರಾಯಿತೆಂದು ತಿಪಟೂರಿಗೆ ಹೋದ. ಅಷ್ಟರಲ್ಲಿ ವಿಮಲಮ್ಮನವರ ಕಣ್ಣು ಅವುಗಳ ಮೇಲೆ ಬಿತ್ತು. ಒಳಗೆ ಏನೋ ಹರಿದಾಡುತ್ತಿದೆ! ಇರೋ ಹುಳ ಸಾಲದು ಅಂತ ದಾರೀಲಿ ಹೋಗೋ ಹುಳಾನೂ ಮನೆಗೆ ತಂದವ್ನಲ್ಲ ಈ ನನ್ಮಗ ಎಂದುಕೊಂಡು, ಕಾಯಿಮಟ್ಟೆ ಧಗಧಗ ಉರಿಯುತ್ತಿದ್ದ ಬಚ್ಚಲೊಲೆಗೆ ಇಡೀ ಸೈನ್ಯವನ್ನು ಆಹುತಿ ಕೊಟ್ಟು, ಪಾಪ ತಟ್ಟದಿರಲೆಂದು ಮೇಲೊಂದು "ಶಿವಶಿವಾ" ಎಂದರು. ಸಂಜೆ ಮಗ ಹುಡುಕಾಡಿದಾಗ, "ಆಗಲೇ ತಗೊಂಡೋಗಿ ತೋಟಕ್ಕೆ ಬುಟ್ಟೆ ಕಣ್ಲಾ" ಎಂದರು.

ತಿಂಗಳುಗಳು ಕಳೆದವು. ಪಕ್ಕದ ರುದ್ರೇಶನ ತೋಟ ಚಿಗುರಿ ನಗುತ್ತಿತ್ತು, ಇವರದು ಒಣಗಿದ ಪೊರಕೆಯಂತೆ ನಿಂತಿತ್ತು. "ಬಸವಣ್ಣ ಹುಳಗಳನ್ನ ಬಿಸಿಲಲ್ಲಿಟ್ಟು ಸಾಯಿಸಿ ತಂದವ್ನೆ" ಎಂದು ಊರೇ ಆಡಿಕೊಂಡಿತು. ಬಸವಕುಮಾರನಿಗೂ ಇದ್ದರೂ ಇರಬಹುದು ಅನಿಸಿ, ಸುಮ್ಮನೆ ತಲೆ ತಗ್ಗಿಸಿದ. ವಿಮಲಮ್ಮ ಬಾಯಿ ಬಿಡಲಿಲ್ಲ. ಆದರೆ ಇಂಪನಾ ಸುಮ್ಮನಿರಲಿಲ್ಲ. ಒಂದೇ ಹುಳ, ಒಂದೇ ಬೇಲಿ, ಆ ಕಡೆ ಬದುಕಿ ಈ ಕಡೆ ಹೇಗೆ ಸತ್ತಿತು? ಅದನ್ನು ಕಂಡುಹಿಡಿಯಲೆಂದೇ ಅವಳಿಗೆ ಝುವಾಲಜಿ ಬೇಕಿತ್ತು. ದಿನಾ ಬೆಳಿಗ್ಗೆ ಅಜ್ಜಿಯ ಪೂಜೆಗೆ ಬಿಲ್ವಪತ್ರೆ ಬಿಡಿಸಿ ತಂದು, ಪಕ್ಕದಲ್ಲೇ ಕೂತು ಮಾತಾಡುವ ಹುಡುಗಿ ಒಂದು ದಿನ ಎದ್ದು ನಿಂತು "ಅಜ್ಜೀ, ನೀನಾ?" ಎಂದು ಕೇಳಿದರೆ? ಆ ಮುಖವನ್ನು ವಿಮಲಮ್ಮ ನೆನೆಸಿಕೊಂಡಾಗಲೆಲ್ಲ ಮುದ್ದೆಯ ತುತ್ತು ತಟ್ಟೆಗೇ ಮರಳುತ್ತಿತ್ತು.

"ಹಂಗಾದ್ರೆ ಕಾಲೇಜಿಗೆ ನೀನೇ ಬಂದು ನೋಡು" ಎಂದಳು ಇಂಪನಾ, ಅದೇ ಊಟದ ಹೊತ್ತಲ್ಲಿ. "ಒಂದು ಕಪ್ಪೆ ಕುಯ್ಯೋದು ಕಂಡರೂ ನಾನು ಝುವಾಲಜಿ ಬಿಡ್ತೀನಿ."

ಸವಾಲು ಬಂದ ಮೇಲೆ ಹಿಂದೆ ಸರಿದರೆ ವಿಮಲಮ್ಮ ಹೇಗಾದಾರು? ಹಣೆ ತುಂಬ ವಿಭೂತಿ ಬಳಿದು, ಜರಿಯಂಚಿನ ಸೀರೆ ಉಟ್ಟು, ಛತ್ರಿಯನ್ನು ಗದೆಯಂತೆ ಹಿಡಿದು ಮೊಮ್ಮಗಳೊಂದಿಗೆ ತಿಪಟೂರಿನ ಬಸ್ಸು ಹತ್ತಿದರು. ಕಾಲೇಜಿನ ಲ್ಯಾಬಿನಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ ನೌಶೀನ್ ಮೇಡಂ ಎದ್ದು ಬಂದು ಕುರ್ಚಿ ಎಳೆದರು.

"ಬನ್ನಿ ಅಜ್ಜಿ, ಕೂತ್ಕೊಳ್ಳಿ."

"ಕೂರಕ್ಕೆ ಬಂದಿಲ್ಲ ಕಣಮ್ಮ. ಎಲ್ಲೈತೆ ಕಪ್ಪೆ?"

ಮೇಡಂ ನಗು ತಡೆದುಕೊಂಡು ಬೀರು ತೋರಿಸಿದರು. ಗಾಜಿನ ಜಾಡಿಯಲ್ಲಿ ಬಿಳಿಚಿಕೊಂಡ ಕಪ್ಪೆಯೊಂದು ತಪಸ್ಸಿಗೆ ಕೂತಿತ್ತು. "ಇದು ನಾನು ಹುಟ್ಟೋಕ್ ಮುಂಚೆ ಸತ್ತಿದ್ದು. ಇನ್ನೊಂದು ಇಲ್ಲಿದೆ ನೋಡಿ." ಕಂಪ್ಯೂಟರಿನ ಪರದೆಯ ಮೇಲೆ ಕಪ್ಪೆಯೊಂದರ ಹೊಟ್ಟೆ ತೆರೆದುಕೊಂಡಿತು, ಮತ್ತೊಮ್ಮೆ ಒತ್ತಿದರೆ ಮುಚ್ಚಿಕೊಂಡಿತು. ರಕ್ತವಿಲ್ಲ, ನೋವಿಲ್ಲ. ದಂಡೆತ್ತಿ ಹೋದ ರಾಜನಿಗೆ ರಣರಂಗದಲ್ಲಿ ಹಸು ಮೇಯುತ್ತಿರುವುದು ಕಂಡ ಹಾಗಾಯಿತು ವಿಮಲಮ್ಮನಿಗೆ.

ಅಷ್ಟರಲ್ಲೇ ಕಿಟಕಿಯ ಪಕ್ಕ ಅವರ ದೃಷ್ಟಿ ಹೋಯಿತು. ಸಾಲು ಸಾಲು ನಳಿಗೆಗಳು. ಹತ್ತಿಯ ಬಿರಡೆ. ಒಳಗೆ ಸಣ್ಣ ಕರಿ ಹುಳಗಳ ಓಡಾಟ.

"ಗುರುತು ಸಿಕ್ತಾ ಅಜ್ಜಿ? ನಿಮ್ಮೂರಿಗೂ ಕೊಟ್ಟಿದ್ರಂತಲ್ಲ. ನಿಮ್ಮ ತೋಟದಲ್ಲಿ ಯಾಕೆ ಉಳೀಲಿಲ್ಲ ಅಂತ ಸೀಟು ಕೇಳೋಕೆ ಫೋನ್ ಮಾಡ್ದಾಗ್ಲೆಲ್ಲ ಇಂಪನಾ ನನ್ನ ತಲೆ ತಿಂದಿದ್ದಾಳೆ" ಎಂದರು ಮೇಡಂ. "ನನಗನ್ಸೋದು, ನಿಮ್ಮ ಮಗ ಸ್ವಲ್ಪ ಅಸಡ್ಡೆ ಮಾಡಿರ್ಬೇಕು. ಬಿಸಿಲಲ್ಲಿಟ್ಟು ಮರೆತಿರ್ಬೇಕು."

ಮಗನನ್ನು ಬೈಯುವ ಹಕ್ಕು ಬಿಳಿಗೆರೆಯವರಿಗಾದರೂ ಇದೆಯೆನ್ನೋಣ. ತಿಪಟೂರಿನವರು ಶುರು ಮಾಡಿದರೆ ಸುಮ್ಮನಿರುವುದುಂಟೇ? ಛತ್ರಿ ಮೇಜಿನ ಮೇಲೆ ಧಡ್ ಎಂದಿತು.

"ಯಾರಮ್ಮ ಅಸಡ್ಡೆ? ನನ್ನ ಮಗನಾ? ಅವನು ಎಳೆಮಗ ತಂದಂಗೆ ತಂದು ನೆರಳಲ್ಲೇ ಇಟ್ಟಿದ್ದ ಕಣಮ್ಮ! ಒಲೆಗೆ ಹಾಕಿದ್ದು ನಾನು!"

ಜಾಡಿಯ ಕಪ್ಪೆಯೂ ಬೆಚ್ಚಿದ ಹಾಗಿತ್ತು. ಆಡಿದ ಮೇಲೆ ವಿಮಲಮ್ಮನವರಿಗೆ ಏನು ಆಡಿದೆನೆಂದು ಅರಿವಾಯಿತು. ಮೆಲ್ಲಗೆ ಮೊಮ್ಮಗಳ ಕಡೆ ತಿರುಗಿದರು.

"ಎಲ್ಲಾನೂನಾ?" ಎಂದಳು ಇಂಪನಾ.

"ಹೂಂ... ಒಂದೂ ಬುಡ್ಲಿಲ್ಲ."

ಇಂಪನಾಳ ಕಣ್ಣು ತುಂಬಿತು. "ಗಾಳಿ ನೋಡ್ದೆ, ಇರುವೆ ನೋಡ್ದೆ, ರುದ್ರೇಶ್ ಮಾಮ ಔಷಧಿ ಹೊಡೆದ್ರಾ ಅಂತ ಅವರನ್ನೂ ಅನುಮಾನ ಪಟ್ಟೆ. ಅಪ್ಪ ವರ್ಷವೆಲ್ಲ ಊರವರ ಕೈಲಿ ಅನ್ನಿಸ್ಕೊಂಡ್ರು. ನೀನು ಪಕ್ಕದಲ್ಲೇ ಕೂತು ಎಲೆಅಡಿಕೆ ಹಾಕ್ತಿದ್ದೆ."

ಮೇಡಂ ಎಳೆದಿಟ್ಟಿದ್ದ ಕುರ್ಚಿಯಲ್ಲಿ ವಿಮಲಮ್ಮ ಕೂತುಬಿಟ್ಟರು. "ಯಾಕೆ ಅಂತ ಗೊತ್ತಾಯ್ತಲ್ಲ. ಇನ್ನು ನಿಂಗೆ ಝುವಾಲಜಿ ಬ್ಯಾಡ್ವೇನೋ?" ಎಂದರು. ಹಳೆಯ ಯುದ್ಧತಂತ್ರವೇ, ಆದರೆ ದನಿಯಲ್ಲಿ ಕಸುವಿರಲಿಲ್ಲ.

"ಹೆಂಗೆ ಸತ್ವು ಅಂತ ಗೊತ್ತಾಯ್ತು. ಹೆಂಗೆ ಬದುಕ್ತವೆ ಅಂತ ಇನ್ನೂ ಗೊತ್ತಿಲ್ವಲ್ಲ."

ವಿಮಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಹಂಗಾದ್ರೆ ತಗಾ. ನಂದು ಹೂಂ ಕಣೇ."

"ಅಪ್ಪಂಗೆ ನೀನೇ ಹೇಳ್ಬೇಕು."

"ಹೇಳ್ತೀನಿ ಬುಡು."

ಹೇಳಿದರು ಕೂಡ. ಬಸ್ಸಿಳಿದವರು ಮನೆಗೆ ಹೋಗದೆ ಅರಳಿಕಟ್ಟೆಗೇ ಹೋಗಿ, ಮಗನನ್ನು ಅಲ್ಲಿಗೇ ಕರೆಸಿ, ಊರವರ ಎದುರು, "ಹುಳ ಸುಟ್ಟವಳು ನಾನು ಕಣ್ರಪ್ಪ. ಇನ್ಮೇಲೆ ಆಡ್ಕೊಳ್ಳೋರು ನನ್ನ ಆಡ್ಕಳಿ, ನೋಡ್ತೀನಿ!" ಎಂದು ಛತ್ರಿ ಕುಟ್ಟಿದರು. ಯಾರೂ ಆಡಿಕೊಳ್ಳಲಿಲ್ಲ. ಬಸವಕುಮಾರ್ ಒಂದು ಗಳಿಗೆ ಅಮ್ಮನನ್ನೇ ನೋಡಿ, ಮುಖ ಆ ಕಡೆ ತಿರುಗಿಸಿಕೊಂಡು ನಗತೊಡಗಿದ. ವರ್ಷದಿಂದ ಬಗ್ಗಿದ್ದ ಕತ್ತು ನೆಟ್ಟಗಾಗಿತ್ತು.

ಸಂಜೆ, ಮೇಡಂ ಕೊಟ್ಟು ಕಳಿಸಿದ್ದ ನಳಿಗೆಗಳನ್ನು ಹಿಡಿದು ಅಜ್ಜಿ ಮೊಮ್ಮಗಳು ತೋಟಕ್ಕೆ ಹೋದರು. ಕಂದಿದ ಮರವೊಂದರ ಬುಡದಲ್ಲಿ ವಿಮಲಮ್ಮ ತಮ್ಮ ಕೈಯಾರೆ ಹತ್ತಿ ತೆಗೆದರು. ಹುಳಗಳು ಹೊರಗೆ ಬರಲಿಲ್ಲ. ಒಳಗೇ ಗೋಡೆಗಂಟಿಕೊಂಡು ಕೂತಿದ್ದವು. ಇಂಪನಾ ಏನೋ ಹೇಳಹೊರಟಳು. ವಿಮಲಮ್ಮ ಕೈ ಸನ್ನೆಯಲ್ಲೇ ಅವಳನ್ನು ತಡೆದು, ನಳಿಗೆಯನ್ನು ಬಾಯಿಯ ಹತ್ತಿರ ತಂದು, ಗುಟ್ಟು ಹೇಳುವ ದನಿಯಲ್ಲಿ ಅಂದರು:

"ಬರ್ರಪ್ಪಾ, ಹೆದರ್ಕಬ್ಯಾಡ್ರಿ. ಇಲ್ಲಿ ಒಲೆ ಇಲ್ಲ."