ಪರದೆ ಅಕ್ಕನ ಮನೆಯ ಮಧ್ಯಾಹ್ನಗಳು

ಕಿಟಕಿ ಪರದೆ ಹೊಲಿಯುತ್ತಿದ್ದುದರಿಂದ ಬೀದಿಯವರ ಬಾಯಲ್ಲಿ ಅವಳು ಪರದೆ ಅಕ್ಕ. ಮುಂದಿನ ಕೋಣೆಯ ತುಂಬ ಬಟ್ಟೆಯ ಸುರುಳಿಗಳು. ಗಂಡ ಬಸ್ ಓಡಿಸುತ್ತಿದ್ದ, ಬಾಯಿಬಿಟ್ಟರೆ ತಮಾಷೆ. ಅವರ ಒಬ್ಬಳೇ ಮಗಳಿಗೆ ಆರು ವರ್ಷ. ಅವಳಿಗೆ ಆಟಿಸಂ ಇದೆಯೆಂದು ಡಾಕ್ಟರು ಹೇಳಿದ ಮೇಲೆ, ಥೆರಪಿಯ ಟೀಚರು ದಿನಾ ಮಧ್ಯಾಹ್ನ ಮನೆಗೆ ಬರತೊಡಗಿದ್ದರು.

ಟೀಚರು ಕೆಟ್ಟವರೇನಲ್ಲ. ಬ್ರಷ್ ಕಂಡರೆ ಕಿರುಚುತ್ತಿದ್ದ ಹುಡುಗಿ ಹಲ್ಲುಜ್ಜುವಂತಾದದ್ದು, ನೀರು ಬೇಕಾದಾಗ ಲೋಟ ತೋರಿಸಲು ಕಲಿತದ್ದು ಅವರಿಂದಲೇ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಅಂಗೈಗೆ ಒಂದು ಚೂರು ಬಿಸ್ಕತ್ತು. ತನ್ನ ಅಭ್ಯಾಸದಂತೆ ಕೈ ಬೀಸದೆ ಮೇಜಿನ ಮುಂದೆ ಕುರ್ಚಿಯಲ್ಲಿ ಕೂತರೆ ಇನ್ನೊಂದು ಚೂರು.

ಒಂದು ಸಂಜೆ ಅಕ್ಕ ನೆಲದ ಮೇಲೆ ಬಟ್ಟೆ ಹರಡಿಕೊಂಡು ಅಂಚು ಮಡಚುತ್ತಿದ್ದಳು. ಮಗಳು ತಾನಾಗಿಯೇ ಬಂದು ಕೊರಳಿಗೆ ತೋಳು ಹಾಕಿದಳು. ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಕೆನ್ನೆಗೆ ಕೆನ್ನೆ ಒತ್ತಿಕೊಳ್ಳುವಷ್ಟರಲ್ಲಿ ಮಗಳು ಹಿಂದೆ ಸರಿದು ಅಂಗೈ ಚಾಚಿದಳು, ಬಿಸ್ಕತ್ತಿಗೆ.

ಅಕ್ಕ ಎದ್ದು ಬಿಸ್ಕತ್ತಿನ ಡಬ್ಬಿ ತೆರೆದಳು. ಕೊಟ್ಟಳು, ಕೊಡದೆ ಏನು ಮಾಡಿಯಾಳು? ಆಮೇಲೆ ಸೂಜಿ ಹಿಡಿದ ಕೈ ಓಡಲಿಲ್ಲ.

"ಸ್ವಲ್ಪ ದಿನ ಥೆರಪಿ ನಿಲ್ಸೋಣ ಅಂತಿದೀನಿ ರೀ," ಎಂದಳು ಗಂಡನಿಗೆ.

"ತಲೆಗಿಲೆ ಕೆಟ್ಟಿದೆಯಾ? ಕಲಿತದ್ದೆಲ್ಲ ನೀರುಪಾಲಾಗುತ್ತೆ ಅಷ್ಟೆ."

"ನನ್ನ ಅಪ್ಪಿಕೊಳ್ಳೋದೂ ಅವಳಿಗೊಂದು ಕೆಲಸ ಆಗ್ಬಿಟ್ಟಿದೆ ಕಣ್ರೀ. ಕೂಲಿ ಕೇಳ್ತಾಳೆ."

ಗಂಡ ಮಗಳತ್ತ ನೋಡಿ, "ಆಯ್ತು, ಸ್ವಲ್ಪ ದಿನ ನಿಲ್ಸಿ ನೋಡೋಣ," ಎಂದ.

ಮರುದಿನ ಅಕ್ಕ ಅಪ್ಪುಗೆಯ ಸಂಗತಿಯನ್ನೂ ತನ್ನ ನಿರ್ಧಾರವನ್ನೂ ಟೀಚರಿಗೆ ಹೇಳಿದಳು. ಅವರು ಚಿತ್ರದ ಕಾರ್ಡುಗಳನ್ನು ಚೀಲಕ್ಕೆ ಹಾಕುತ್ತ ಕೇಳಿಸಿಕೊಂಡರು. "ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ ಅಕ್ಕಾ. ಆದ್ರೆ ನೀವು ಕಂಡಿದ್ದನ್ನ ನಾನೂ ಕಂಡಿದೀನಿ. ಹಲ್ಲುಜ್ಜೋದೊಂದು ಬಿಡಿಸ್ಬೇಡಿ. ಕಷ್ಟ ಆದ್ರೆ ಫೋನ್ ಮಾಡಿ."

ಮೊದಮೊದಲು ಎಲ್ಲ ಅಲ್ಲೋಲಕಲ್ಲೋಲ. ಮಧ್ಯಾಹ್ನವಾದರೆ ಮಗಳು ಬಾಗಿಲ ಬಳಿ ನಿಂತು ಅಳುತ್ತಿದ್ದಳು. ಪಾಠ ಬೇಡವಾಗಿದ್ದರೂ ಪಾಠದ ಹೊತ್ತು ಅವಳಿಗೆ ಬೇಕಿತ್ತು. ಲೋಟ ತೋರಿಸುವುದನ್ನೂ ಬಿಟ್ಟಳು. ಕೈಯಾರೆ ಹಾಳುಮಾಡಿದೆನಲ್ಲ ಎಂದು ಅಕ್ಕ ಒಳಗೊಳಗೇ ಬೆಂದಳು. ಕೊನೆಗೆ ಆ ಹೊತ್ತಿಗೆ ತಾನೂ ಮೆಷಿನ್ನು ನಿಲ್ಲಿಸಿ, ಮಗಳು ಕೂತಲ್ಲೇ ಹೋಗಿ ಕೂರತೊಡಗಿದಳು. ಮಗಳು ಪರದೆಯ ರಿಂಗುಗಳನ್ನು ಸರಳಿಗೆ ಪೋಣಿಸಿ ಜರ್ರನೆ ಜಾರಿಸುವಳು, ಆ ಸದ್ದಿಗೆ ಕೈ ಬೀಸಿ ಕುಣಿಯುವಳು. ಅಕ್ಕ ತಡೆಯಲಿಲ್ಲ. ತಾನೂ ಒಂದು ಸರಳು ತಂದಳು. ಡ್ಯೂಟಿ ಮುಗಿಸಿ ಬಂದ ಗಂಡ, "ಸೀಟು ಖಾಲಿ ಇದೆಯೇನ್ರಮ್ಮಾ?" ಎಂದು ಪಕ್ಕದಲ್ಲಿ ಕೂತ.

ಒಂದು ದಿನ ಮಗಳು ತನ್ನ ಸರಳಿನಿಂದ ಒಂದು ರಿಂಗು ತೆಗೆದು, ಅಮ್ಮನ ಸರಳಿಗೆ ಹಾಕಿ, ಜಾರಿಸು ಎಂಬಂತೆ ಅವಳ ಕೈಯನ್ನು ಮೆಲ್ಲಗೆ ತಳ್ಳಿದಳು. ಅದನ್ನು ಯಾರೂ ಕಲಿಸಿರಲಿಲ್ಲ. ಗಂಡ ತಮಾಷೆ ಮಾಡಲು ಬಾಯಿ ತೆರೆದವನು ಕಣ್ಣೊರೆಸಿಕೊಂಡ.

ಕೆಲವು ತಿಂಗಳ ಮೇಲೆ ಅಕ್ಕನೇ ಟೀಚರಿಗೆ ಫೋನ್ ಮಾಡಿದಳು. ರಸ್ತೆ ದಾಟುವುದನ್ನು ಕಲಿಸಬೇಕಿತ್ತು, ವಾರಕ್ಕೊಮ್ಮೆ ಬಂದರೆ ಸಾಕು. ಟೀಚರು ಬಂದು, ಅಭ್ಯಾಸಬಲದಿಂದ ಮೇಜಿನತ್ತ ಹೆಜ್ಜೆಯಿಟ್ಟರು. ಮಗಳು ನೆಲದ ಮೇಲಿದ್ದಳು. ಅವರು ಒಂದು ಗಳಿಗೆ ನಿಂತು, ಚೀಲವನ್ನು ಮೂಲೆಗಿಟ್ಟು, ಅವಳ ಪಕ್ಕ ನೆಲದ ಮೇಲೆಯೇ ಕೂತರು.