ಜೀವ ಹೆಚ್ಚಾಗುವ ಗುಂಡಿ

ಹಬ್ಬದ ಮುಂಚೆ ಅಟ್ಟದ ಧೂಳು ಹೊಡೆಯುವಾಗ ಒಂದು ರಟ್ಟಿನ ಡಬ್ಬ ಜಾರಿ ನೇರ ನನ್ನ ಹೆಗಲ ಮೇಲೆ ಬಂದು ಬಿತ್ತು. ಬೈದುಕೊಂಡೇ ತೆರೆದೆ. ನುಸಿಗುಳಿಗೆಯ ವಾಸನೆ, ಅದರೊಳಗೆ ಹಳೆಯ ವೈರು ಕಾದರೆ ಬರುವಂಥ ಇನ್ನೊಂದು ವಾಸನೆ. ಹಳದಿಗೆ ತಿರುಗಿದ ವಿಡಿಯೊ ಗೇಮ್ ಪೆಟ್ಟಿಗೆ, ಒಂದು ಕ್ಯಾಸೆಟ್ಟು, ಒಂದಕ್ಕೊಂದು ಸುತ್ತಿಕೊಂಡ ಎರಡು ರಿಮೋಟು. ಎರಡನೆಯ ರಿಮೋಟಿನ ನಟ್ಟನಡುವಿನ ಸಣ್ಣ ಗುಂಡಿಯ ಮೇಲೆ ಬಣ್ಣ ಹೋದ ಒಂದು ಕೆಂಪು ಟಿಕಳಿ. ಹಣೆಗೆ ಅಂಟಿಸಿಕೊಳ್ಳುತ್ತೇವಲ್ಲ, ಅದೇ ಟಿಕಳಿ. ವಿಡಿಯೊ ಗೇಮಿಗೂ ಪೂಜೆ ಮಾಡಿದ್ದಿರಾ ಎಂದು ನೀವು ಕೇಳಬಹುದು. ಆಯುಧಪೂಜೆಯ ದಿನ ಅದನ್ನೂ ಮಾಡಿದ್ದೆವು, ಆದರೆ ಆ ಟಿಕಳಿಯ ಕಥೆ ಬೇರೆ.

ನಾನು ಮದುವೆಯಾಗಿ ಹೊಸಪೇಟೆಯ ಚಿತ್ತವಾಡ್ಗಿಯ ಈ ಮನೆಗೆ ಬಂದ ಹೊಸದು. ನನ್ನ ಯಜಮಾನರಿಗೆ ಸಂಡೂರಿನಾಚೆ ಒಂದು ಗಣಿಯಲ್ಲಿ ಲಾರಿ ತೂಕ ಹಾಕಿಸುವ ಕೆಲಸ. ಶಿಫ್ಟ್ ಮುಗಿಸಿ ಬಂದರೆ ಅದಿರಿನ ಧೂಳಿಗೆ ಬಚ್ಚಲಿನ ನೀರು ಕೆಂಪಗೆ ಹರಿಯುತ್ತಿತ್ತು. ಒಂದು ರಜೆಯ ದಿನ ಹೊಸಪೇಟೆ ಬಜಾರಿನಿಂದ ಈ ವಿಡಿಯೊ ಗೇಮ್ ಹೊತ್ತು ತಂದರು. "ಮನ್ಯಾಗ ನಿಮಗ ಬ್ಯಾಸರ ಆಗಬಾರ್ದು ನೋಡು, ಅದಕ್ಕ ತಂದೆ" ಎಂದರು. ಯಾರಿಗಾಗಿ ತಂದರೆಂಬುದು ಮನೆಯ ಬೆಕ್ಕಿಗೂ ಗೊತ್ತಿತ್ತು. ಮೊದಲ ಸಂಜೆ ಭಾರೀ ಹುರುಪಿನಿಂದ ಆಡಿದರು, ಅರ್ಧಕ್ಕೇ ರಿಮೋಟು ಎದೆಯ ಮೇಲಿಟ್ಟುಕೊಂಡು ಗೊರಕೆ ಹೊಡೆದರು. ಆಮೇಲೆ ಅದರ ಸುದ್ದಿಗೆ ಹೋಗಲಿಲ್ಲ. ಉಳಿದವರು ನಾನು ಮತ್ತು ಅತ್ತೆ.

ಅತ್ತೆ ಕಂಪ್ಲಿ ಕಡೆಯ ಮೆಟ್ರಿ ಎಂಬ ಹಳ್ಳಿಯವರು. ಗದ್ದೆಯ ಬದುವಿನ ಮೇಲೆ ಓಡಾಡಿ ಬೆಳೆದವರು, ಹಾಗಾಗಿ ಕೈಕಾಲು ಚುರುಕು, ಮಾತು ಕಡಿಮೆ. ನನಗೆ ಅವರೆಂದರೆ ಭಯವೇನಿರಲಿಲ್ಲ, ಆದರೆ ಸಲಿಗೆಯೂ ಇರಲಿಲ್ಲ. ನಮ್ಮಿಬ್ಬರ ಮಾತು ಉಪ್ಪು, ಹಾಲು, ಹೆಪ್ಪು ಇಷ್ಟರಲ್ಲೇ ಮುಗಿಯುತ್ತಿತ್ತು. ಅವರು ಕೂತರೆ ನಾನು ನಿಲ್ಲುತ್ತಿದ್ದೆ, ನಾನು ಕೂತರೆ ಅವರು ಏನೋ ಕೆಲಸ ನೆನಪಿಸಿಕೊಂಡು ಏಳುತ್ತಿದ್ದರು. ಇಬ್ಬರೂ ಒಳ್ಳೆಯವರೇ, ಒಂದೇ ಚಾಪೆಯ ಮೇಲೆ ಕೂರುವುದು ಹೇಗೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಟೀವಿಯ ದನಿ ಪೂರ್ತಿ ಇಳಿಸಿ ಕದ್ದು ಆಡುತ್ತಿದ್ದೆ. ಅಕ್ಕಿಯ ಮೊರ ಹಿಡಿದು ಅತ್ತೆ ಬಾಗಿಲಲ್ಲಿ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಆ ಹಸ್ರು ಟೊಪಿಗಿಯವ ಯಾಕ ಸುಮ್ನ ನಿಂತಾನ?"

ಗಾಬರಿಯಾಗಿ, "ಅವನ್ನ ಆಡ್ಸಾಕ ಇನ್ನೊಬ್ರು ಬೇಕ್ರಿ ಅತ್ತೀ" ಎಂದೆ.

ಸ್ವಲ್ಪ ಹೊತ್ತು ನೋಡಿದರು. ಮೊರ ಕೆಳಗಿಟ್ಟರು. "ಪಾಪ, ಹಂಗಾರ ಕೊಡು ಇಲ್ಲಿ" ಎಂದು ನನ್ನ ಪಕ್ಕ ಕೂತೇಬಿಟ್ಟರು.

ಆಟ ದೊಡ್ಡದೇನಲ್ಲ. ಕೆಂಪು ಟೊಪ್ಪಿಗೆಯವನೊಬ್ಬ, ಹಸಿರು ಟೊಪ್ಪಿಗೆಯವನೊಬ್ಬ. ನಡುವಿನ ಗುಂಡಿಗೆ ಬೀಳದಂತೆ ಬಂಡೆಯಿಂದ ಬಂಡೆಗೆ ಜಿಗಿಯಬೇಕು, ಮೇಲಿಂದ ಉರುಳಿ ಬರುವ ಕಲ್ಲುಗುಂಡುಗಳಿಂದ ತಪ್ಪಿಸಿಕೊಳ್ಳಬೇಕು, ಹೊಳೆ ದಾಟಬೇಕು, ಕೊನೆಗೆ ಒಂದು ಬಾಗಿಲು ಸಿಗುತ್ತದೆ. ಆ ಕಲ್ಲುರಾಶಿ ನೋಡಿದ್ದೇ ಅತ್ತೆ, "ಇದು ನಮ್ಮ ಹಂಪಿನ ಬಿಡು, ಗೈಡ್ ಒಬ್ಬ ಇಲ್ಲ ಅಷ್ಟ" ಎಂದರು. ಹಸಿರು ಟೊಪ್ಪಿಗೆಯವನು ಜಿಗಿದಾಗಲೆಲ್ಲ ಅತ್ತೆಯ ಮೊಣಕಾಲೂ ಮೇಲೇಳುತ್ತಿತ್ತು. ನಾನು ನಕ್ಕೆ, ಅವರೂ ನಕ್ಕರು. ಆ ಮನೆಯಲ್ಲಿ ನಾನು ಬಾಯಿಬಿಟ್ಟು ನಕ್ಕದ್ದು ಬಹುಶಃ ಅದೇ ಮೊದಲು.

ನಮಗೆ ಗೊತ್ತಿಲ್ಲದ ಸಂಗತಿಗಳನ್ನು ಹೇಳಿದರೆ ನೀವು ನಗುತ್ತೀರಿ. ಒಂದು ಗುಂಡಿ ಒತ್ತಿ ಹಿಡಿದರೆ ಟೊಪ್ಪಿಗೆಯವರು ಓಡುತ್ತಾರೆಂಬುದೇ ಗೊತ್ತಿರಲಿಲ್ಲ. ನಮ್ಮವರು ಮದುವೆ ಮನೆಗೆ ಹೊರಟವರಂತೆ ನಿಧಾನಕ್ಕೆ ನಡೆಯುತ್ತಿದ್ದರು, ಹಿಂದಿನಿಂದ ಗುಂಡು ಬಂದು ಬಡಿಯುತ್ತಿತ್ತು. ಆಟ ನಿಲ್ಲಿಸಿಡುವ ಗುಂಡಿಯೊಂದಿದೆ ಎನ್ನುವುದಂತೂ ಎಷ್ಟೋ ತಿಂಗಳು ತಿಳಿಯಲಿಲ್ಲ. ಕುಕ್ಕರ್ ಕೂಗಿದರೆ ಟೀವಿ ಆರಿಸಿ ಅಡುಗೆಮನೆಗೆ ಓಡುತ್ತಿದ್ದೆವು. "ಅವ್ರೂ ಒಂಚೂರು ಕುಂದ್ರಲಿ" ಎನ್ನುತ್ತಿದ್ದರು ಅತ್ತೆ. ಬಂದು ಟೀವಿ ಹಾಕಿದರೆ ಇಬ್ಬರೂ ಗುಂಡಿನಡಿ ಅಪ್ಪಚ್ಚಿ. ಟೀವಿ ಮುಚ್ಚಿದರೆ ಆಟ ಮಲಗುವುದಿಲ್ಲ ಎನ್ನುವುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಕೊನೆಗೊಂದು ದಿನ ಬೆಕ್ಕು ರಿಮೋಟಿನ ಮೇಲೆ ಹಾಯ್ದು ಹೋಗಿ ಆಟ ನಿಂತಿತು. ಹಾಗೆ ಆ ವಿದ್ಯೆ ನಮಗೆ ಬೆಕ್ಕಿನಿಂದ ಬಂತು.

ಇನ್ನು ಮಾತಿನ ವಿಷಯಕ್ಕೆ ಬರುತ್ತೇನೆ. ಒಬ್ಬೊಬ್ಬರಿಗೆ ಮೂರು ಜೀವ. ಗುಂಡು ಬಡಿದರೆ ನಾನು "ಜೀವ ಹೋತು" ಎಂದು ಕೂಗುತ್ತಿದ್ದೆ. ಅದೊಂದು ದಿನ ಸಂಜೆ, ದೇವರ ಮುಂದೆ ಆಗಷ್ಟೇ ದೀಪ ಹಚ್ಚಿ ಬಂದಿದ್ದ ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ದೀಪ ಹಚ್ಚೋ ಹೊತ್ತಿನಾಗ ಎಂಥ ಮಾತು ಆಡ್ತಿ ಬೇ! ಹೆಚ್ಚಾತು ಅನ್ನು."

ನಮ್ಮಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತದೆ. ಡಬ್ಬಿಯಲ್ಲಿ ಅಕ್ಕಿ ತೀರುವುದಿಲ್ಲ, ಹೆಚ್ಚಾಗುತ್ತದೆ. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದೆಂದು ಒಳ್ಳೆಯ ಮಾತಿನಲ್ಲಿ ಸುತ್ತಿ ಹೇಳುವ ರೂಢಿ, ನಿಮ್ಮ ಮನೆಯಲ್ಲೂ ಇದ್ದೀತು. ಅಂದಿನಿಂದ ನಮ್ಮ ಟೊಪ್ಪಿಗೆಯವರ ಜೀವವೂ ಹೋಗುವುದು ಬಿಟ್ಟು ಹೆಚ್ಚಾಗತೊಡಗಿತು. "ನಂದು ಒಂದು ಹೆಚ್ಚಾತು", "ಅಯ್ಯ, ನಂದು ಮೂರೂ ಹೆಚ್ಚಾದ್ವು!" ಗೋಡೆಯಾಚೆಯವರು ಕೇಳಿದ್ದರೆ ಇವರ ಮನೆಯಲ್ಲಿ ಏನೋ ಭಾಳ ಬೆಳೆಯುತ್ತಿದೆ ಎಂದುಕೊಳ್ಳುತ್ತಿದ್ದರು.

ಮೂರೂ ಮೊದಲು ಹೆಚ್ಚಾಗುತ್ತಿದ್ದುದು ಯಾವಾಗಲೂ ಅತ್ತೆಯದೇ. ಹೊಳೆ ಬರುವುದರೊಳಗೆ ಅವರ ಹಸಿರು ಟೊಪ್ಪಿಗೆ ಮಾಯ. ಆಗ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟು, ನೆಲಕ್ಕೆ ಕೈಯೂರಿ, "ನೀ ಆಡು, ನಾ ರೊಟ್ಟಿಗೆ ಹಿಟ್ಟು ನಾದ್ತೀನಿ" ಎಂದು ಏಳುತ್ತಿದ್ದರು. ಅತ್ತೆ ಹಿಟ್ಟು ನಾದುವಾಗ ಸೊಸೆ ವಿಡಿಯೊ ಗೇಮ್ ಆಡುತ್ತ ಕೂರುವುದುಂಟೇ? ನಾನೂ ಆರಿಸಿ ಎದ್ದು ಹೋಗುತ್ತಿದ್ದೆ. ದಿನವಿಡೀ ನಾನು ಕಾಯುತ್ತಿದ್ದ ಆ ಜೊತೆ ಹೀಗೆ ಪುಸಕ್ಕನೆ ಮುಗಿಯುತ್ತಿತ್ತು. ಅಡುಗೆಮನೆಗೆ ಹೋದರೆ ಮತ್ತೆ ಉಪ್ಪು, ಹಾಲು, ಹೆಪ್ಪು. ಅತ್ತೆ ಇನ್ನೂ ಸ್ವಲ್ಪ ಹೊತ್ತು ಬದುಕಿರಲಿ ಎಂದು ಆಸೆಪಟ್ಟು ನಾನು ಎಷ್ಟೋ ಸಲ ಅವರ ಮುಂದೆ ನನ್ನ ಕೆಂಪು ಟೊಪ್ಪಿಗೆಯವನನ್ನು ಅಡ್ಡ ನಿಲ್ಲಿಸಿದ್ದೇನೆ. ಗುಂಡು ಅವನ ಮೇಲಿಂದ ಹಾರಿ ಅತ್ತೆಗೇ ಬಡಿಯುತ್ತಿತ್ತು.

ಒಮ್ಮೆ ಎರಡನೆಯ ರಿಮೋಟಿನ ವೈರು ಕಿತ್ತುಹೋಯಿತು. ಬಸ್ ಸ್ಟ್ಯಾಂಡ್ ಹತ್ತಿರ ಟೀವಿ ರಿಪೇರಿ ಮಾಡುವ ಖಾಜಾ ಸಾಬರ ಅಂಗಡಿಗೆ ಅತ್ತೆ ನಾನು ಇಬ್ಬರೂ ಆಟೋದಲ್ಲಿ ಹೋದೆವು. ಸಾಬರು ಬೆಸುಗೆ ಹಾಕುತ್ತ ನಮ್ಮನ್ನೊಮ್ಮೆ, ರಿಮೋಟನ್ನೊಮ್ಮೆ ನೋಡಿದರು.

"ಅತ್ತಿ-ಸೊಸಿ ಇಬ್ರೂ ಆಡ್ತೀರೇನ್ರಿ? ಮಸ್ತ್!" ಎಂದು ನಡುವಿನ ಗುಂಡಿ ತೋರಿಸಿದರು. "ಅಮ್ಮಾರ, ಇದನ್ನ ಒತ್ತಿದ್ರ ಜೀವ ಹೆಚ್ಚಾಗ್ತೈತ್ರಿ. ಖ್ಯಾಲ್ ಇಟ್ಕೊಳ್ರಿ, ಮರೀಬ್ಯಾಡ್ರಿ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮರಳುವಾಗ ಆಟೋದಲ್ಲಿ ಅತ್ತೆಯ ಬಾಯಲ್ಲಿ ಸಾಬರದೇ ಗುಣಗಾನ. "ಒಳ್ಳೆ ಮನ್ಷಾ ನೋಡು. ಮೊದ್ಲ ಹೇಳಿದ್ದು ಚಲೋ ಆತು, ಇಲ್ಲಂದ್ರ ತಿಳೀದ ಒತ್ತಿಬಿಡ್ತಿದ್ವಿ. ಸಂಜಿ ಹೊತ್ತಿನಾಗ ಹೋಗ್ತೈತಿ ಅನ್ಲಿಲ್ಲ, ಹೆಚ್ಚಾಗ್ತೈತಿ ಅಂದ. ಅವಂಗೂ ಗೊತ್ತೈತಿ."

ಮನೆಗೆ ಬಂದವರೇ ಕನ್ನಡಿಗೆ ಅಂಟಿಸಿದ್ದ ನನ್ನ ಟಿಕಳಿಯೊಂದನ್ನು ಕಿತ್ತು ಆ ಗುಂಡಿಯ ಮೇಲೆ ಮೆತ್ತಿದರು. ಕೆಂಪು ಕಂಡರೆ ಕೈ ಹೋಗುವುದಿಲ್ಲ ಎಂದು ಅವರ ಲೆಕ್ಕ. ಅದರ ಮೇಲೆ ಯಾರೂ ಬೆರಳಿಡಲಿಲ್ಲ. ಗುಂಡಿ ಒತ್ತದೆ ದಿನಾ ಗುಂಡಿಗೆ ಬೀಳುತ್ತ ಎರಡು ವರ್ಷ ಆಡಿದೆವು. ಆಮೇಲೆ ಮಗಳು ಹುಟ್ಟಿದಳು, ವಿಡಿಯೊ ಗೇಮ್ ಅಟ್ಟ ಸೇರಿತು. ಆ ಹೊತ್ತಿಗೆ ಅತ್ತೆಗೂ ನನಗೂ ಮಾತಿಗೆ ಕೂಸೇ ಸಿಕ್ಕಿತ್ತು, ಆಟ ಬೇಕಾಗಲಿಲ್ಲ.

ಈಗ ಆ ಕೂಸು ಬಳ್ಳಾರಿಯಲ್ಲಿ ಕಾಲೇಜಿಗೆ ಹೋಗುತ್ತದೆ. ಹಬ್ಬಕ್ಕೆ ಬಂದಿದ್ದವಳು ಡಬ್ಬ ನೋಡಿ ಕುಣಿದಳು. ಕ್ಯಾಸೆಟ್ಟಿನ ಹೆಸರು ಮೊಬೈಲಿನಲ್ಲಿ ಹುಡುಕಿದಳು. ಎಲ್ಲಿಯವರೋ ಇಬ್ಬರು ಇದೇ ಆಟ ಆಡಿ ವಿಡಿಯೊ ಹಾಕಿದ್ದರು. ನೋಡುತ್ತ ನೋಡುತ್ತ ಅವಳು ಕೇಳಿದಳು, "ಅವ್ವಾ, ಈ ಟಿಕಳಿ ಯಾಕ? ಇದು ಭಾಳ ಚಲೋ ಬಟನ್ ಅಲ್ಲೇನು? ಒಬ್ರುದು ಎಲ್ಲಾ ಖಾಲಿ ಆದ್ರ ಇದನ್ನ ಒತ್ತಬೇಕು. ಜೋಡಿ ಆಡೋರ ಜೀವದಾಗ ಒಂದು ಇವ್ರಿಗೆ ಬರ್ತೈತಿ."

ವಿಡಿಯೊದಲ್ಲಿ ಅದೇ ಆಯಿತು. ಹಸಿರು ಟೊಪ್ಪಿಗೆಯವನು ಮುಗಿದೇ ಹೋಗಿದ್ದ, ಮತ್ತೆ ಮೇಲಿಂದ ಪಟ್ಟನೆ ಬಂದಿಳಿದ. ಕೆಂಪು ಟೊಪ್ಪಿಗೆಯವನ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು, ಅಷ್ಟೆ.

ಖಾಜಾ ಸಾಬರು ಸರಿಯಾಗಿಯೇ ಹೇಳಿದ್ದರು. ಹೆಚ್ಚಾಗುತ್ತದೆ ಎಂದರೆ ಹೆಚ್ಚಾಗುತ್ತದೆ ಎಂದೇ. ಇಡೀ ಹೊಸಪೇಟೆಯಲ್ಲಿ ಆ ಮಾತನ್ನು ತಿರುವಿ ಕೇಳುವವರು ನಾವಿಬ್ಬರೇ ಇದ್ದೆವು, ನಮಗೇ ಅವರು ಹೇಳಿದರು! ಪೊರಕೆ ಹಿಡಿದುಕೊಂಡೇ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗು ನಿಂತ ಮೇಲೆ ಹಳೆಯ ಲೆಕ್ಕ ಹಾಕಿದೆ. ಅತ್ತೆ ನೆಲಕ್ಕೆ ಕೈಯೂರಿ ಏಳುತ್ತಿದ್ದ ಸಂಜೆಗಳಲ್ಲೆಲ್ಲ ನನ್ನ ಹತ್ತಿರ ಜೀವ ಇದ್ದವು. ಕೊಡಲು ಬರುತ್ತಿತ್ತು.

ಅತ್ತೆಗೆ ಹೇಳಿದೆ. ಈಗ ಅವರ ಬೆರಳ ಗೆಣ್ಣು ಬಾತಿವೆ, ಕಣ್ಣಿನ ಆಪರೇಷನ್ ಆಗಿದೆ, ಮಾತು ಮಾತ್ರ ಹಿಂದಿನಷ್ಟು ಕಡಿಮೆಯಿಲ್ಲ. ಎಲ್ಲ ಕೇಳಿ, "ಅಯ್ಯ ನಮ್ಮ ಬುದ್ಧಿಗಿಷ್ಟು! ಹಚ್ಚು ಟೀವಿ" ಎಂದರು.

ಕ್ಯಾಸೆಟ್ಟಿಗೆ ಊದಿ, ಅತ್ತೆಯ ಕೋಣೆಯ ಹಳೆಯ ಟೀವಿಗೆ ಮಗಳು ವೈರು ಚುಚ್ಚಿದಳು. ಅದೇ ಬಂಡೆ, ಅದೇ ಗುಂಡು. ಅತ್ತೆಯ ಮೂರು ಜೀವ ಹೊಳೆಗೆ ಮುಂಚೆಯೇ ಮುಗಿದವು. ರಿಮೋಟು ಕೆಳಗಿಟ್ಟು, ನೆಲಕ್ಕೆ ಕೈಯೂರಿದರು. ಈಗ ಅವರು ಹಿಟ್ಟು ನಾದುವುದು ಬಿಟ್ಟು ಎಷ್ಟೋ ಕಾಲವಾಗಿದೆ, ಆದರೂ ಕೈ ನೆಲಕ್ಕೆ ಹೋಯಿತು.

"ಕುಂದ್ರಿ ಅತ್ತೀ. ಒತ್ರಿ ಅದನ್ನ."

"ನಿಂದು ಒಂದು ಕಮ್ಮಿ ಆಗ್ತೈತಲ್ಲ ಬೇ?"

"ಆಗ್ಲಿ ಬಿಡ್ರಿ. ಆವಾಗ ಯಾಕ ಎದ್ದು ಹೋಗ್ತಿದ್ರಿ ನೀವು? ನಿಮ್ ಸಂಗಾಟ ಕುಂದ್ರಾಕ ನಾ ಕಾಯ್ಕೊಂತ ಇರ್ತಿದ್ದೆ."

ಅತ್ತೆ ನನ್ನ ಮುಖ ನೋಡಿದರು. "ನಾ ಬಾಜು ಕುಂತ್ರ ಸೊಸಿಗೆ ಸಂಕೋಚ ಆಗ್ತೈತಿ ಅಂತ ಏಳ್ತಿದ್ದೆ. ಒಬ್ಬಾಕಿನ ಆರಾಮ ಆಡ್ಲಿ ಅಂತ. ನೀ ನೋಡಿದ್ರ ನನ್ನ ಹಿಂದ ಬಂದು ನಿಲ್ತಿದ್ದಿ." ಎಂದು ಉಗುರಿನಿಂದ ಟಿಕಳಿ ಎಬ್ಬಿಸಿದರು. "ಹಿಡಿ ನಿನ್ ಟಿಕಳಿ" ಎಂದು ನನ್ನ ಅಂಗೈಗೆ ಹಾಕಿ, ಗುಂಡಿ ಒತ್ತಿದರು.

ಹಸಿರು ಟೊಪ್ಪಿಗೆಯವನು ಮೇಲಿಂದ ಬಂದಿಳಿದ.

"ಹೆಚ್ಚಾತು!" ಎಂದರು ಅತ್ತೆ.

"ಅಜ್ಜೀ, ಹೋತೋ ಬಂತೋ ಸರಿಯಾಗಿ ಹೇಳು" ಎಂದಳು ಮಗಳು.

"ಬಂತು ಬೇ, ಬಂತು!"

ಮುಂದೆ ಏನಾಯಿತು ಗೊತ್ತೇ? ರುಚಿ ಹತ್ತಿತು. ಮತ್ತೊಮ್ಮೆ ಗುಂಡು ಬಡಿದಾಗ ನನ್ನನ್ನು ಕೇಳಲೂ ಇಲ್ಲ, ಒತ್ತಿಯೇ ಬಿಟ್ಟರು. ಸೊಸೆಯಿಂದ ಇದುವರೆಗೆ ಒಂದು ಲೋಟ ನೀರನ್ನೂ ಸಂಕೋಚದಿಂದಲೇ ಕೇಳಿದವರು ನನ್ನ ಜೀವವನ್ನು ಕೇಳದೆ ತೆಗೆದುಕೊಂಡರು. ನನಗೆ ಆದ ಸಂತೋಷ ಹೇಳಿ ಮುಗಿಯದು. ಹೊಳೆ ದಾಟಿದೆವು, ಜೀವನದಲ್ಲಿ ಮೊದಲ ಸಲ ಇಬ್ಬರೂ ಕೂಡಿಯೇ ದಾಟಿದೆವು. ಆಚೆ ದಡದಲ್ಲಿ ನನ್ನ ಕೆಂಪು ಟೊಪ್ಪಿಗೆಯವನು ಗುಂಡಿನಡಿ ಸಿಕ್ಕ. ನನ್ನದೆಲ್ಲ ಮುಗಿಯಿತು. ದೂರದಲ್ಲಿ ಬಾಗಿಲು ಕಾಣುತ್ತಿತ್ತು, ಅತ್ತೆಗೆ ಉಳಿದದ್ದು ಒಂದೇ ಜೀವ.

ರೊಟ್ಟಿಯ ಹೊತ್ತಾಗಿತ್ತು. ರಿಮೋಟು ಕೆಳಗಿಟ್ಟು, ನನಗೇ ತಿಳಿಯದಂತೆ ನೆಲಕ್ಕೆ ಕೈಯೂರಿದೆ.

ಅತ್ತೆ ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಆದರೆ ರಿಮೋಟಿನಿಂದ ಒಂದು ಕೈ ತೆಗೆದು ನನ್ನ ಸೀರೆಯ ಸೆರಗು ಹಿಡಿದು ಜಗ್ಗಿದರು. "ಎಲ್ಲಿಗೆ ಹೊಂಟಿ? ಕುಂದ್ರು."

ಒಂದೇ ಕೈಯಲ್ಲಿ ಜಿಗಿಸಲು ಆಗುತ್ತದೆಯೇ? ಹಸಿರು ಟೊಪ್ಪಿಗೆಯವನು ಬಾಗಿಲ ಮುಂದೆಯೇ ಗುಂಡಿಗೆ ಬಿದ್ದ.

"ಹೆಚ್ಚಾತು" ಎಂದೆವು ಇಬ್ಬರೂ ಒಟ್ಟಿಗೇ.

ಪರದೆ ಕಪ್ಪಾಯಿತು. ಅತ್ತೆ ಸೆರಗು ಬಿಡಲಿಲ್ಲ, ನಾನೂ ಏಳಲಿಲ್ಲ.