ಅಕ್ಕೋರ ಜಾಗಕ್ಕೆ ಬಂದವರು

ತರೀಕೆರೆಯಲ್ಲಿ ನನ್ನದೊಂದು ನರ್ಸರಿ ಸಾಮಾನಿನ ಅಂಗಡಿ. ಕಾಲೇಜಿನಿಂದ ವರ್ಕ್ ಟರ್ಮಿಗೆ ಬಂದಿರುವ ಹುಡುಗಿ ಕಳೆದ ವಾರ ಗಿರಾಕಿಗೆ ತೋರಿಸಲೆಂದು ತೆಂಗಿನ ನಾರುಪುಡಿಯ ಇಟ್ಟಿಗೆಯೊಂದನ್ನು ಬಕೆಟ್ಟಿನಲ್ಲಿ ನೆನೆಹಾಕಿದಳು. ಸ್ವಲ್ಪ ಹೊತ್ತಿಗೆ ಅದು ಉಬ್ಬಿಕೊಂಡು ಆ ವಾಸನೆ ಎದ್ದಿತು. ಕೊಳೆತ ಮಟ್ಟೆಯದು, ಒಂದಿಷ್ಟು ಹುಳಿ, ಒಂದಿಷ್ಟು ಕೆಸರು... ಗಿರಾಕಿ ಮೂಗು ಮುಚ್ಚಿಕೊಂಡ. ನಾನು ರೇಟು ಹೇಳುವುದನ್ನೂ ಮರೆತು ನಿಂತುಬಿಟ್ಟೆ. ಕಡೂರಿನ ಹೊರಗಿದ್ದ ನಾರಿನ ಕಾರ್ಖಾನೆಯೂ ಅಲ್ಲಿನ ಅಕ್ಕೋರೂ ಕಣ್ಣ ಮುಂದೆ ಬಂದರು.

ನಾನು ಓದಿದ್ದು ಬಿಬಿಎ. ಬರೀ ಪುಸ್ತಕದ ಓದಲ್ಲ ಅದು. ಒಂದು ಟರ್ಮು ತರಗತಿ, ಮುಂದಿನ ಟರ್ಮು ಪೂರ್ತಿ ಯಾವುದಾದರೂ ವ್ಯವಹಾರದಲ್ಲಿ ಸಂಬಳದ ಕೆಲಸ, ಮತ್ತೆ ತರಗತಿಗೆ ವಾಪಸ್. ಕೆಲಸ ಕೊಡುವವರು ಕಾಲೇಜಿಗೆ ತಿಳಿಸುತ್ತಾರೆ, ನಾವು ಅರ್ಜಿ ಹಾಕುತ್ತೇವೆ, ಅವರು ಕರೆದು ಮಾತಾಡಿಸುತ್ತಾರೆ. ಆಮೇಲೆ ಅವರು ನಮ್ಮನ್ನು ಒಂದನೆಯವನು, ಎರಡನೆಯವನು ಎಂದು ಬರೆದು ಕಳಿಸುತ್ತಾರೆ. ನಾವೂ ಅವರನ್ನು ಹಾಗೆಯೇ ಬರೆದು ಕೊಡಬೇಕು. ಎರಡನ್ನೂ ತಾಳೆ ಹಾಕಿ ಕಾಲೇಜಿನವರು ಗಂಟು ಹಾಕುತ್ತಾರೆ. ಬಿದ್ದ ಗಂಟು ಬಿಚ್ಚುವಂತಿಲ್ಲ. ನಡುವೆ ಬಿಟ್ಟು ಬಂದರೆ ಆ ಟರ್ಮು ಹೋಯಿತು, ಅದರ ಜೊತೆ ಡಿಗ್ರಿಯೂ ಹಿಂದೆ ಬಿತ್ತು.

ನಮ್ಮಪ್ಪ ಅಜ್ಜಂಪುರದ ಕಡೆ ದನದ ದಲ್ಲಾಳಿ. ಬೇಕಾದ ಎತ್ತಿನ ಕಡೆ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಪಕ್ಕದ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತ, ಅದಕ್ಕೇ ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕಟ್ಟುತ್ತ ನಿಲ್ಲುತ್ತಿದ್ದರು. ಬೇಕಾದ ಎತ್ತಿನ ಯಜಮಾನ ತಾನಾಗಿ ಬಂದು ರೇಟು ಇಳಿಸುವವರೆಗೆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ನಾನು ಕಲಿತ ಮೊದಲ ವ್ಯಾಪಾರ ಅದು. ನನಗೆ ಬೇಕಿದ್ದದ್ದು ತರೀಕೆರೆಯ ಟ್ರ್ಯಾಕ್ಟರ್ ಶೋರೂಮು. ಹಾಗಾಗಿ ನಾರಿನ ಕಾರ್ಖಾನೆಯನ್ನು ಒಂದನೆಯದು ಎಂದು ಬರೆದೆ, ಶೋರೂಮನ್ನು ಎರಡನೆಯದು ಎಂದೆ. ಶೋರೂಮಿನವರು ತಾವಾಗಿ ಬಂದು ಸಂಬಳ ಏರಿಸಲಿ ಎಂಬುದು ನನ್ನ ಲೆಕ್ಕ. ಯಾರೂ ಬರಲಿಲ್ಲ. ಎರಡೂ ಕಡೆಯವರು ನನ್ನನ್ನೇ ಒಂದನೆಯವನೆಂದು ಬರೆದಿದ್ದರಂತೆ. ನಾನು ಒಂದನೆಯದೆಂದು ಬರೆದ ಕಡೆಗೆ ಗಂಟು ಬಿತ್ತು. ಈಗ ನನ್ನ ಹತ್ತಿರ ಬರುವ ಹುಡುಗರಿಗೆಲ್ಲ ಮೊದಲು ಹೇಳುವುದು ಇದನ್ನೇ: ಸಂಬಳಕ್ಕೆ ಚೌಕಾಸಿ ಮಾಡಿ, ಕಲಿಸುವ ಕೆಲಸ ಯಾವುದೆಂದು ಚೌಕಾಸಿ ಮಾಡಿ, ಆದರೆ ಆ ಪಟ್ಟಿಯಲ್ಲಿ ಮಾತ್ರ ನಿಜ ಬರೆಯಿರಿ.

ಮೊದಲ ದಿನ ಕಾರ್ಖಾನೆಯ ಗೇಟಿನಲ್ಲೇ ಅಕ್ಕೋರು ಕಾಯುತ್ತಿದ್ದರು. ಲೋಡು ಕಳಿಸುವುದು, ಆರ್ಡರಿನವರ ಫೋನು, ಹೆಣ್ಣಾಳುಗಳ ಪಾಳಿ, ಎಲ್ಲ ಅವರದೇ. ಎಲ್ಲರ ಬಾಯಲ್ಲೂ ಅಕ್ಕೋರೇ ಆಗಿದ್ದರು. ಐವತ್ತರ ಆಚೀಚಿನ ವಯಸ್ಸು, ತಲೆಗೂದಲ ಮೇಲೆಲ್ಲ ನಾರಿನ ಧೂಳು.

"ನಮ್ಮನ್ನೇ ಒಂದನೇದು ಅಂತ ಬರ್ದಿದ್ಯಂತೆ," ಅಂದರು. "ಈ ನಾತಕ್ಕೆ ಯಾರಪ್ಪಾ ಹಂಗೆ ಬರೀತಾರೆ?"

ಅವರ ಮುಖದಲ್ಲಿದ್ದ ಖುಷಿ ನೋಡಿ, ನಿಜ ಹೇಳದೆ ಚೀಲ ಎತ್ತಿಕೊಂಡು ಅವರ ಹಿಂದೆ ಒಳಗೆ ನಡೆದೆ.

ಅವರ ಖುಷಿಗೆ ಕಾರಣ ಬೇರೆಯೇ ಇತ್ತು. ಮಾಲೀಕರು ಅವರ ದೊಡ್ಡಪ್ಪನ ಮಗ. ಗಂಡ ತೀರಿಹೋದಾಗ ಕಾರ್ಖಾನೆಯ ಅಂಗಳದಲ್ಲೇ ಮನೆ ಕೊಟ್ಟು, ಕೆಲಸ ಕೊಟ್ಟು ಇರಿಸಿಕೊಂಡಿದ್ದರು. ಅಮೃತಾಪುರದಲ್ಲಿ ಅಕ್ಕೋರ ತಂಗಿ ಹಿತ್ತಲಲ್ಲಿ ಶೆಡ್ಡು ಎಬ್ಬಿಸಿ ಕಾಯುತ್ತಿದ್ದಳು. ಅಕ್ಕತಂಗಿಯರು ಸೇರಿ ನಾರಿನ ಕುಂಡ, ಬಳ್ಳಿ ಹಬ್ಬಿಸುವ ಕೋಲು ಮಾಡಿ ಮಾರಬೇಕೆಂಬುದು ಬಹಳ ದಿನದ ಆಸೆ. ಮಾಲೀಕರು ಬೇಡ ಎಂದವರಲ್ಲ. ನಿನ್ನ ಜಾಗಕ್ಕೆ ಒಬ್ಬರನ್ನು ತಯಾರು ಮಾಡು, ಮಾರನೆಯ ದಿನವೇ ಹೋಗು ಎಂದಿದ್ದರು. ಹಾಗೆಯೇ ಮಾಡುತ್ತೇನೆಂದು ಅಕ್ಕೋರು ಮಾತು ಕೊಟ್ಟಿದ್ದರು. ಕಾಲೇಜಿನಿಂದ ಓದಿದ ಹುಡುಗರನ್ನು ಕಳಿಸುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ತಾವೇ ಹೋಗಿ ಕೇಳಿ ಬಂದಿದ್ದರು. ಬಂದವನು ನಾನು. ಅದೂ ಒಂದನೆಯದೆಂದು ಬರೆದವನು!

ಕಾರ್ಖಾನೆಯ ಮುಂದೆಯೇ ತರೀಕೆರೆಯ ಬಸ್ಸುಗಳು ಓಡಾಡುತ್ತಿದ್ದವು. ಸಂಜೆ ಗೇಟಿನ ಹತ್ತಿರ ಇಬ್ಬರೂ ಟೀ ಹಿಡಿದು ನಿಲ್ಲುತ್ತಿದ್ದೆವು. ನಾನು ಶೋರೂಮನ್ನು ನೆನೆಸಿಕೊಳ್ಳುತ್ತಿದ್ದೆ. ಅವರು ತರೀಕೆರೆಯಲ್ಲಿ ಇಳಿದು ಅಮೃತಾಪುರದ ಬಸ್ಸು ಹತ್ತುವುದನ್ನು ನೆನೆಸಿಕೊಳ್ಳುತ್ತಿದ್ದರು. "ಶೆಡ್ಡಿಗೆ ಶೀಟು ಹಾಕ್ಸಿದ್ದಾಳಂತೆ ಕಣೋ. ನಾನೊಬ್ಳು ಹೋಗೋದೊಂದೇ ಬಾಕಿ," ಅನ್ನುತ್ತಿದ್ದರು. ಬಸ್ಸು ಹೋಗುತ್ತಿತ್ತು. ನಾವು ಒಳಗೆ ಬರುತ್ತಿದ್ದೆವು.

ನನಗಂತೂ ಉಸಿರು ಕಟ್ಟುತ್ತಿತ್ತು. ಊಟದಲ್ಲೂ ಅದೇ ವಾಸನೆ, ಬಟ್ಟೆಯಲ್ಲೂ ಅದೇ. ಓಡಿಹೋಗೋಣವೆಂದರೆ ಟರ್ಮು ಕಾಲು ಕಟ್ಟಿತ್ತು. ಅಕ್ಕೋರು ಮಾತ್ರ ಎಲ್ಲವನ್ನೂ ಗಂಟು ಬಿಚ್ಚಿ ಸುರಿದ ಹಾಗೆ ಕಲಿಸುತ್ತಿದ್ದರು. ಯಾವ ಗಿರಾಕಿ ಫೋನಿನಲ್ಲಿ ಗದರಿದರೂ ಆರ್ಡರು ಬಿಡುವುದಿಲ್ಲ, ಯಾವನು ನಗುತ್ತಲೇ ಬೇರೆ ಕಡೆ ಹೋಗುತ್ತಾನೆ ಎಂಬುದನ್ನೂ ಬಿಡಲಿಲ್ಲ. ನಾನು ಬೇಗ ಕಲಿತೆ. ಕಲಿತಷ್ಟೂ ಅವರ ಮುಖ ಅರಳುತ್ತಿತ್ತು, ನನಗೆ ಒಳಗೊಳಗೇ ಕಸಿವಿಸಿ...

ಟರ್ಮಿನ ನಡುವೆ ಕಾಲೇಜಿನಿಂದ ಒಬ್ಬರು ಬಂದು ಹುಡುಗ ಹೇಗಿದ್ದಾನೆ ಎಂದು ನೋಡಿ ಹೋಗುವುದು ಪದ್ಧತಿ. ನಮ್ಮ ಮೇಷ್ಟ್ರು ಬಂದರು. ಮಾಲೀಕರ ಕೋಣೆಯಲ್ಲಿ ಎಲ್ಲರೂ ಕೂತೆವು. ಅಕ್ಕೋರು ನೇರವಾಗಿ ಕೇಳಿಯೇಬಿಟ್ಟರು.

"ಸಾರ್, ಇವ್ನು ಎಲ್ಲ ಕಲ್ತ್ಕಂಡ. ಯಾವಾಗಿಂದ ಪರ್ಮನೆಂಟ್ ಮಾಡ್ಕೋಬೌದು?"

ಮೇಷ್ಟ್ರು ನಕ್ಕು, ಹಾಗಾಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಟರ್ಮು ಮುಗಿದ ಕೂಡಲೇ ಇವನು ತರಗತಿಗೆ ವಾಪಸ್ಸು ಬರಬೇಕು. ಮುಂದಿನ ಕೆಲಸದ ಟರ್ಮು ಬೇರೆ ಕಡೆ ಮಾಡಿದರೆ ಒಳ್ಳೆಯದು. ಓದು ಮುಗಿದ ಮೇಲೆ ಎಲ್ಲಿಗೆ ಹೋಗುವುದೂ ಅವನಿಷ್ಟ. ಅಕ್ಕೋರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಷ್ಟು ದಿನ ಅವರು ಇದನ್ನು ಕೇಳಿರಲಿಲ್ಲ, ನಾನಾಗಿ ಹೇಳಿರಲಿಲ್ಲ.

ಮಾಲೀಕರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಹಂಗಾದ್ರೆ ಒಬ್ಬ ಹೋದ್ರೆ ಇನ್ನೊಬ್ಬ ಬತ್ತಾನೆ ಅನ್ನಿ."

"ಕಳಿಸ್ತೀವಿ. ಆದ್ರೆ ಕಲಿಸೋರು ಒಬ್ರು ಖಾಯಂ ಇರ್ಬೇಕು. ಹುಡುಗ ಹೇಗೆ ಕೆಲಸ ಮಾಡ್ದ ಅಂತ ಕೊನೇಲಿ ಅವರೇ ಹೇಳ್ಬೇಕು."

"ಇದಾಳಲ್ಲ ನಮ್ಮ ತಂಗಿ," ಅಂದರು ಮಾಲೀಕರು, ಅಕ್ಕೋರ ಕಡೆ ಕೈ ತೋರಿಸಿ.

ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಅವರಿಗೆ ಅದು ಮರ್ಯಾದೆ ಕೊಟ್ಟ ಹಾಗೆ. ಅಕ್ಕೋರು ಎದ್ದು ಎಲ್ಲರ ಲೋಟ ತೆಗೆದುಕೊಂಡು ಹೊರಗೆ ಹೋದರು. ಹೊರಹೋಗಲೆಂದು ಅವರು ಹುಡುಕಿಕೊಂಡ ಬಾಗಿಲೇ ಅವರ ಕಣ್ಣೆದುರು ಗೋಡೆಯಾಗಿತ್ತು.

ನನ್ನ ಕೊನೆಯ ವಾರದಲ್ಲಿ ನಾನು ಬಿಡದೆ ಬುದ್ಧಿ ಹೇಳಿದೆ. ಒಂದು ದಿನ ಗೊತ್ತುಮಾಡಿ, ಇಂಥ ದಿನ ಹೋಗುತ್ತೇನೆ ಎಂದು ಹೇಳಿ, ಆ ದಿನ ಬಸ್ಸು ಹತ್ತಿ. ಮಿಕ್ಕಿದ್ದು ಅವರ ತಲೆನೋವು ಎಂದೆ. ವ್ಯಾಪಾರದಲ್ಲಿ ಎದ್ದು ಹೊರಟವನನ್ನೇ ಕರೆದು ಕೂರಿಸುವುದು ಎಂದೂ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ.

"ನಿಂದು ವ್ಯಾಪಾರ ಕಣಪ್ಪ. ನಾನು ಎದ್ದು ಹೊಂಟ್ರೆ ಅಣ್ಣನ ಮನೆ ಬಾಗ್ಲು ಮುಚ್ದಂಗೆ. ಆಮೇಲೆ ಯಾರು ಕರ್ದು ಕೂರಿಸ್ತಾರೆ?"



ನಾನು ತರಗತಿಗೆ ಹಿಂತಿರುಗಿದೆ. ಪ್ರತಿ ಟರ್ಮಿಗೂ ಹೊಸಬರು ಹೋಗುತ್ತಿದ್ದರು, ಅಕ್ಕೋರು ಫೋನು ಮಾಡಿ ಹೇಳುತ್ತಿದ್ದರು. ಈ ಸಲದ ಹುಡುಗಿ ಪಕ್ಕದ ಬೀರೂರಿನವಳೇ, ಓದು ಮುಗಿದ ಮೇಲೆ ಇಲ್ಲಿಗೇ ಬರಬಹುದು. ಈ ಸಲದವನು ಒಳ್ಳೆಯವನು, ಆದರೆ ವಾಸನೆಗೆ ವಾಂತಿ ಮಾಡುತ್ತಾನೆ. ನನ್ನ ಡಿಗ್ರಿ ಮುಗಿದ ವಾರ ಬಂದ ಫೋನು ಬೇರೆಯದು. "ಬತ್ತೀಯೇನೋ?" ಅಂದರು. ಅಷ್ಟೇ. ಇಲ್ಲ ಅಕ್ಕೋರೆ, ಸ್ವಂತ ಅಂಗಡಿ ಮಾಡುತ್ತೇನೆ ಎಂದೆ. ಒಳ್ಳೆಯದಾಗಲಿ, ನಗದು ವ್ಯಾಪಾರವನ್ನೇ ಮಾಡು ಎಂದರು... ಆಮೇಲೆ ಫೋನುಗಳು ಕಡಿಮೆಯಾದವು. ಕಾದು ಸಾಕಾದ ತಂಗಿ ಶೆಡ್ಡನ್ನು ಯಾರಿಗೋ ಮೇವು ತುಂಬಿಸಿಡಲು ಬಾಡಿಗೆಗೆ ಕೊಟ್ಟಳೆಂದು ಯಾವಾಗಲೋ ತಿಳಿಯಿತು.

ಹೋದ ವರ್ಷ ಮಾಲು ನೋಡಲು ಕಡೂರಿಗೆ ಹೋದಾಗ ಅಕ್ಕೋರ ಕುರ್ಚಿ ಖಾಲಿಯಿತ್ತು. ತೀರಿಕೊಂಡು ಎರಡು ತಿಂಗಳಾಗಿತ್ತು. ಅಂಗಳದಲ್ಲಿ ಹೊಸ ಹುಡುಗನಿಗೆ ಲೋಡು ಜೋಡಿಸುವುದನ್ನು ತೋರಿಸುತ್ತಿದ್ದವರು ಹಾಗೇ ಕೂತುಬಿಟ್ಟರಂತೆ. ಹೇಳುವಾಗ ಮಾಲೀಕರ ಕಣ್ಣು ತುಂಬಿತು. ಅದು ನಿಜವಾದ ಅಳುವೇ. ಕಣ್ಣೊರೆಸಿಕೊಂಡು, ಹುಡುಗರು ಬರುತ್ತಲೇ ಇದ್ದಾರೆ, ಹೇಳಿಕೊಡುವವರಿಲ್ಲ, ವಾರಕ್ಕೊಂದು ಸಲವಾದರೂ ನೀನು ಬಂದು ಹೋಗುತ್ತೀಯಾ ಎಂದು ಕೇಳಿದರು. ಏನು ಕೊಡುತ್ತೀರಿ ಎಂದು ನಾನು ಕೇಳಲಿಲ್ಲ. ಆಗುವುದಿಲ್ಲ ಎಂದು ಹೇಳಿ ಎದ್ದೆ.

ನನ್ನ ಅಂಗಡಿಯ ಹುಡುಗಿಯ ಟರ್ಮು ಈ ತಿಂಗಳಿಗೆ ಮುಗಿಯುತ್ತದೆ. ಮುಂದಿನ ಸಲವೂ ಇಲ್ಲಿಗೇ ಬರಲಾ ಸಾರ್ ಎಂದು ಮೊನ್ನೆ ಕೇಳಿದಳು. ಚುರುಕಾದ ಹುಡುಗಿ, ಬಂದರೆ ಲಾಭ ನನಗೇ. ಬೇಡ, ಬೇರೆ ಕಡೆ ಹೋಗಮ್ಮಾ ಎಂದೆ. ನಾನೇನೋ ಬೈದೆನೆಂದು ಅವಳ ಮುಖ ಸಣ್ಣದಾಯಿತು. ಸಮಾಧಾನ ಹೇಳಲು ಹೋಗಿ ಅಕ್ಕೋರ ಸುದ್ದಿ ತೆಗೆದೆ. ಸರಿ, ಇನ್ನು ನೀನು ಹೋಗು ಎನ್ನುವ ಒಂದು ಮಾತನ್ನು ಅಣ್ಣನ ಬಾಯಿಂದ ಕೇಳಲು ಅವರು ಅಷ್ಟು ವರ್ಷ ಕಾದರು. ಅದು ಬರಲೇ ಇಲ್ಲ.